ಹೊಸ ಭತ್ತ ಸುಲಿಯುವ ಉಗುರು

ನಾನು ಹುಟ್ಟಾ ಹೆದರುಪುಕ್ಕಲಿ. ಹಲ್ಲಿಗೆ ಹೆದರುತ್ತೇನೆ, ಗುಡುಗಿಗೆ ಹೆದರುತ್ತೇನೆ, ತಿರುವಿನಲ್ಲಿ ಬಸ್ಸು ವಾಲಿದರೆ ಪಕ್ಕದಲ್ಲಿ ಕೂತವರು ಯಾರೆಂದು ನೋಡದೆ ಅವರ ಕೈ ಹಿಡಿದುಬಿಡುತ್ತೇನೆ. ಇಂಥವಳು ಹೋಗಿ ಹೋಗಿ ಸೇರಿದ್ದು ರೋಗಾಣುಗಳನ್ನು ಸಾಕುವ ಕೆಲಸಕ್ಕೆ. ಸಾಕುವುದು ಎಂದರೆ ನಿಜವಾಗಿಯೂ ಸಾಕುವುದೇ. ಅವಕ್ಕೆ ಮಾಂಸದ ಸಾರು ಬೇಯಿಸಿ ಸೋಸಬೇಕು, ಅದಕ್ಕೆ ಕಡಲಪಾಚಿಯ ಅಗರ್ ಬೆರೆಸಿ ಗಾಜಿನ ತಟ್ಟೆಗಳಿಗೆ ಹೊಯ್ದು ಹಾಲುಬಾಯಿಯ ಹಾಗೆ ಹೆಪ್ಪುಗಟ್ಟಿಸಬೇಕು. ರೋಗಿಯ ಮಲವನ್ನೋ ಕಫವನ್ನೋ ತಂತಿಯ ತುದಿಯಲ್ಲಿ ಅದರ ಮೇಲೆ ಎಳೆದು, ಮೈಶಾಖದಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿ ಇಡಬೇಕು. ಮಾರನೆಯ ಬೆಳಿಗ್ಗೆ ಬಾಗಿಲು ತೆಗೆದರೆ ಅವು ತಟ್ಟೆಯ ತುಂಬ ಸಂಸಾರ ಹೂಡಿರುತ್ತವೆ.

ಐವತ್ತರ ದಶಕದ ಕೊನೆಯ ವರ್ಷಗಳು. ಮನೆ ಬಿಜೈಯಲ್ಲಿ, ಕೆಲಸ ಫಳ್ನೀರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ಹಂಪನಕಟ್ಟೆಗೆ ಬಂದು, ಅಲ್ಲಿಂದ ಛತ್ರಿ ಬಿಚ್ಚಿಕೊಂಡು ನಡೆಯುತ್ತಿದ್ದೆ. ನನಗೆ ಆಗ ಇಪ್ಪತ್ತೆರಡು ವರ್ಷ. ಕೆಲಸ ಕಲಿಯಲು ಸೇರಿದ ನಾಲ್ವರಲ್ಲಿ ನಾನೊಬ್ಬಳೇ ಹುಡುಗಿ. ನಮಗೆ ಕಲಿಸುತ್ತಿದ್ದ ಡಾಕ್ಟರರು ತುಳು ಮಾತಾಡುವ ದೊಡ್ಡ ಮನೆತನದವರು. ಅವರು ದನಿ ಎತ್ತಿದ್ದನ್ನು ನಾನು ಕೇಳಿದವಳಲ್ಲ. ದನಿ ಎತ್ತಿದ್ದರೆ ಒಳ್ಳೆಯದಿತ್ತು. ಅವರು ಮೆಲ್ಲಗೆ ಹೇಳಿದ ಮಾತುಗಳೇ ನನ್ನನ್ನು ಹೆಚ್ಚು ಹೆದರಿಸುತ್ತಿದ್ದವು.

ಸೇರಿದ ಮೊದಲ ದಿನ ಅವರು ಪಾಠ ಮಾಡಲಿಲ್ಲ, ಪುಸ್ತಕ ಕೊಡಲಿಲ್ಲ. "ಕೈ ತೋರಿಸಿ," ಎಂದರು. ಒಬ್ಬೊಬ್ಬರ ಬೆರಳನ್ನೂ ಒಂದು ತಟ್ಟೆಗೆ ಒತ್ತಿಸಿದರು. ಆಮೇಲೆ ಸೋಪು ಹಾಕಿ ಕೈ ತೊಳೆಸಿ ಇನ್ನೊಂದು ತಟ್ಟೆಗೆ ಒತ್ತಿಸಿದರು. ಮಾರನೆಯ ದಿನ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. ತೊಳೆಯದ ಕೈಯ ತಟ್ಟೆಯಲ್ಲಿ ಬಿಳಿ, ಹಳದಿ ಚುಕ್ಕೆಗಳು ಒಂದರ ಮೇಲೊಂದು ಬಿದ್ದಿದ್ದವು. ತೊಳೆದ ಕೈಯದು ಹೆಚ್ಚುಕಡಿಮೆ ಖಾಲಿ. ಆದರೆ ನನ್ನ ತಟ್ಟೆಯಲ್ಲಿ ಹೆಬ್ಬೆರಳು ಊರಿದ ಜಾಗದಲ್ಲಿ ಮಾತ್ರ ಬಿದಿಗೆ ಚಂದ್ರನ ಗೆರೆಯಂತೆ ಒಂದು ಸಾಲು ಬೆಳೆದಿತ್ತು.

"ಇದೆಂತ ಗೊತ್ತುಂಟಾ?" ಎಂದು ಕೇಳಿದರು ಡಾಕ್ಟರರು. "ಇದು ನಿಮ್ಮ ಉಗುರು. ಸೋಪು ಅದರ ಅಡಿಗೆ ಹೋಗುವುದಿಲ್ಲ. ನಾಳೆ ಕತ್ತರಿಸಿಕೊಂಡು ಬನ್ನಿ."

ಆ ಗೆರೆ ನೋಡಿದ ಮೇಲೆ ಒಂದು ವಾರ ನಾನು ಕೈಯಲ್ಲಿ ಅನ್ನ ತಿನ್ನಲಿಲ್ಲ. ಚಮಚ ಹುಡುಕಿ ತಂದು ತಿಂದೆ. ಅಮ್ಮ ನೋಡಿ ನೋಡಿ ಸಾಕಾಗಿ, "ಎಂತ ಮಾರಾಯ್ತಿ, ಫಳ್ನೀರಿಗೆ ಹೋಗಿ ದೊರೆಸಾನಿ ಆದಿಯಾ?" ಎಂದು ಕೇಳಿದಳು. ನಮ್ಮ ಮನೆಮಾತು ಕೊಂಕಣಿ, ಅಮ್ಮನನ್ನು ನಾವು ಕರೆಯುತ್ತಿದ್ದುದು ಮಾಯ್ ಎಂದು. ಅವಳ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆ ಮಾತಿನ ಮೊನೆ ಮಾತ್ರ ಯಾವ ಭಾಷೆಗೆ ತಂದರೂ ಅಷ್ಟೇ ಚೂಪು.

ನನ್ನ ಹೆಬ್ಬೆರಳಿನ ಉಗುರು ಅಷ್ಟು ಉದ್ದವಿದ್ದುದಕ್ಕೆ ಕಾರಣವಿತ್ತು. ಸೆಪ್ಟೆಂಬರ್ ಎಂಟಕ್ಕೆ ನಮ್ಮ ತೆನೆ ಹಬ್ಬ, ನಾವು ಮೊಂತಿ ಫೆಸ್ತ್ ಎನ್ನುವುದು. ಅಂದು ಇಗರ್ಜಿಯಲ್ಲಿ ಪಾದ್ರಿಗಳು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಆ ಕಾಳು ಇನ್ನೂ ಹಸಿ, ಒತ್ತಿದರೆ ಹಾಲು ಬರುವಂಥದು. ಒನಕೆಗೆ ಹಾಕುವಷ್ಟು ಇರುವುದೂ ಇಲ್ಲ. ಆದ್ದರಿಂದ ಒಂದೊಂದನ್ನೇ ಉಗುರಿನಲ್ಲಿ ಸುಲಿಯಬೇಕು. ನಮ್ಮ ಮನೆಯಲ್ಲಿ ಅದು ಮದುವೆಯಾಗದ ಹೆಣ್ಣುಮಕ್ಕಳ ಕೆಲಸ. ಅದಕ್ಕೆಂದೇ ಆಗಸ್ಟ್ ತಿಂಗಳಿಡೀ ಬಲಗೈ ಹೆಬ್ಬೆರಳಿನ ಉಗುರು ಬೆಳೆಸಬೇಕು. ಅಕ್ಕ ಮದುವೆಯಾಗಿ ಹೋದ ಮೇಲೆ ಆ ಉಗುರು ನನ್ನ ಪಾಲಿಗೆ ಬಂತು. ಸುಲಿದ ಕಾಳನ್ನು ಕಲ್ಲಿನಲ್ಲಿ ಜಜ್ಜಿ, ತೆಂಗಿನಕಾಯಿಯ ಹಾಲು ಹಿಂಡಿ, ಬೆಲ್ಲ ಕದಡಿ ಬೆರೆಸುತ್ತಿದ್ದೆವು. ಒಲೆಗೆ ಇಡುವ ಕ್ರಮವಿಲ್ಲ. ಅಪ್ಪ ಪ್ರಾರ್ಥನೆ ಹೇಳಿ ಮುಗಿಸಿದ ಮೇಲೆ ಅಮ್ಮ ಎಲ್ಲರ ಬಾಯಿಗೆ ಒಂದೊಂದು ಚಮಚ ಹಾಕುತ್ತಾಳೆ, ಅಲ್ಲಿಯವರೆಗೆ ಯಾರೂ ಏನೂ ತಿನ್ನುವಂತಿಲ್ಲ. ಆ ಹೊಸ ಅಕ್ಕಿಯ ಹಸಿ ವಾಸನೆ ನನಗೆ ಇವತ್ತಿಗೂ ಮೂಗಿನಲ್ಲಿದೆ.

ನನ್ನ ತಮ್ಮನಿಗೆ ಹಸಿವು ತಡೆಯಲು ಆಗುತ್ತಿರಲಿಲ್ಲ. ನಾನು ಹೇಳುವ ವರ್ಷ ಅವನಿಗೆ ಆರು, ನನಗೆ ಹದಿಮೂರು. ಆ ಹಬ್ಬದ ದಿನ ಅಪ್ಪ ಚಾವಡಿಯಲ್ಲಿ ಪ್ರಾರ್ಥನೆ ಶುರು ಮಾಡಿದ್ದರು, ಅವರದು ಉದ್ದದ ಪ್ರಾರ್ಥನೆ. ಇವನು ಮೆಲ್ಲಗೆ ಜಾರಿ ಅಡುಗೆಮನೆಗೆ ಬಂದು ನನ್ನ ಲಂಗ ಹಿಡಿದು ಎಳೆದ. ನಾನು ಜಜ್ಜಿದ ಕಾಳಿನಿಂದ ಒಂದು ಚಿಟಿಕೆ ತೆಗೆದು ಅವನ ಬಾಯಿಗೆ ಹಾಕಿ, "ಯಾರಿಗೂ ಹೇಳಬೇಡ, ಹೇಳಿದರೆ ಕಿವಿ ಹಿಂಡ್ತೇನೆ," ಎಂದೆ. ಅವನು ಹೇಳಲಿಲ್ಲ, ಪುಣ್ಯಾತ್ಮ. ಅದು ನಮ್ಮಿಬ್ಬರ ಗುಟ್ಟು.

ಆ ತಿಂಗಳ ಕೊನೆಗೆ ಅವನಿಗೆ ಜ್ವರ ಬಂತು. ವಿಷಮಶೀತ ಜ್ವರ, ಅಂದರೆ ಟೈಫಾಯಿಡ್. ಆಗ ಅದಕ್ಕೆ ಮದ್ದು ಕಂಡುಹಿಡಿದಿದ್ದಾರಂತೆ ಎಂಬ ಸುದ್ದಿ ಇತ್ತು, ಮದ್ದು ನಮ್ಮ ಕೈಗೆ ಸಿಗಲಿಲ್ಲ. ನಾಲ್ಕನೆಯ ವಾರ ಅವನು ಹೋದ. ಅಮ್ಮ ಅತ್ತದ್ದಕ್ಕಿಂತ ಅವಳು ಅಳು ನಿಲ್ಲಿಸಿದ್ದು ನನಗೆ ಹೆಚ್ಚು ನೆನಪಿದೆ. ಒಂದು ದಿನ ಎದ್ದು ಅಕ್ಕಿ ತೊಳೆದಳು, ಅಷ್ಟೆ.

ಅದಾಗಿ ಎರಡು ವರ್ಷಕ್ಕೆ ಅಪ್ಪನಿಗೆ ಅದೇ ಜ್ವರ. ಆ ಹೊತ್ತಿಗೆ ಮದ್ದು ಬಂದಿತ್ತು, ಉಳಿದರು. ಮತ್ತೂ ಒಂದು ವರ್ಷ ಬಿಟ್ಟು ಹಬ್ಬಕ್ಕೆಂದು ಬಂದಿದ್ದ ಅಕ್ಕನಿಗೆ. ಯಾವಾಗಲೂ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲು. "ಮಳೆ ಬಿಟ್ಟು ಬಿಸಿಲು ಬೀಳುವಾಗ ಬರುವ ಜ್ವರ ಇದು," ಎನ್ನುತ್ತಿದ್ದರು ಅಪ್ಪ. ಮನೆಮಂದಿಯೆಲ್ಲ ಹೌದೆಂದು ತಲೆಯಾಡಿಸುತ್ತಿದ್ದೆವು.

ಲ್ಯಾಬಿನಲ್ಲಿ ನನಗೆ ಎರಡನೆಯ ವರ್ಷ ನಡೆಯುತ್ತಿತ್ತು. ಆಗಸ್ಟಿನ ಒಂದು ಮಧ್ಯಾಹ್ನ ಡಾಕ್ಟರರು ಟೈಫಾಯಿಡಿನ ಪಾಠ ಮಾಡಿದರು. ನೀರಿನಿಂದ ಬರುತ್ತದೆ, ಹಾಲಿನಿಂದ ಬರುತ್ತದೆ, ನೊಣ ತರುತ್ತದೆ ಎಂದೆಲ್ಲ ಹೇಳಿ, ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಸೇರಿಸಿದರು.

"ನೋಡಿ, ರೋಗ ಹೋಗ್ತದೆ. ರೋಗಾಣು ಹೋಗ್ಲೇಬೇಕು ಅಂತ ಇಲ್ಲ. ಕೆಲವರ ಪಿತ್ತಕೋಶದಲ್ಲಿ ಅದು ಮನೆ ಮಾಡಿಕೊಂಡು ಕೂತಿರ್ತದೆ. ಹತ್ತು ವರ್ಷ, ಇಪ್ಪತ್ತು ವರ್ಷ. ಅವರಿಗೆ ಜ್ವರ ಇಲ್ಲ, ನೋವಿಲ್ಲ, ಗಟ್ಟಿಮುಟ್ಟಾಗಿ ಇರ್ತಾರೆ. ಅವರ ಮಲದಲ್ಲಿ ಮಾತ್ರ ಒಮ್ಮೊಮ್ಮೆ ಹೊರಗೆ ಬರ್ತದೆ, ಒಮ್ಮೊಮ್ಮೆ ಬರುವುದಿಲ್ಲ. ಅವರ ಕೈಯಿಂದ ಅನ್ನಕ್ಕೆ, ಅನ್ನದಿಂದ ಬೇರೆಯವರ ಹೊಟ್ಟೆಗೆ. ಇವರನ್ನು ವಾಹಕರು ಅಂತ ಹೇಳ್ತೇವೆ. ಹೆಚ್ಚಿನವರು ಹೆಂಗಸರು."

"ಬೇಯಿಸಿದರೆ ಸಾಯುವುದಿಲ್ಲವಾ, ಸರ್?" ಎಂದು ಕೇಳಿದೆ.

"ಸಾಯ್ತದೆ. ಬೇಯಿಸದೆ ತಿನ್ನುವಂಥದ್ದು ಕೈಯಲ್ಲಿ ಮಾಡಿದರೆ ಕಷ್ಟ."

ವರ್ಷಕ್ಕೆ ಒಂದೇ ದಿನ ನಮ್ಮ ಮನೆಯಲ್ಲಿ ಬೇಯಿಸದೆ, ಕೈಯಲ್ಲಿ ಕಲಸಿ ತಿನ್ನುವ ವಸ್ತು ಯಾವುದು? ಅದಾಗಿ ಎರಡು ಮೂರು ವಾರಕ್ಕೆ ಬರುವ ಜ್ವರ ಯಾವುದು? ಬಿಸಿಲೂ ಇಲ್ಲ ಮಳೆಯೂ ಇಲ್ಲ. ಹುಡುಗಿಯಾಗಿದ್ದಾಗ ತವರಿನಲ್ಲಿ ಟೈಫಾಯಿಡ್ ಬಂದು ಸಾವಿನ ಬಾಯಿಂದ ಎದ್ದುಬಂದ ಕಥೆಯನ್ನು ಅಮ್ಮ ನೂರು ಸಲ ಹೇಳಿದ್ದಳು. ಹಂದಿಮಾಂಸ ತಿಂದ ದಿನ ಪಿತ್ತಕೋಶವಿರುವ ಬಲಪಕ್ಕೆ ಹಿಡಿದುಕೊಂಡು ಜೀರಿಗೆ ನೀರು ಕುಡಿಯುತ್ತಿದ್ದಳು. ತೆಂಗಿನಹಾಲು ಹಿಂಡುವವಳು ಅವಳು, ಚಮಚ ಹಿಡಿದು ಬಾಯಿಗೆ ಹಾಕುವವಳೂ ಅವಳು. ಸಂಜೆ ಮನೆಗೆ ಬಂದಾಗ ಅಮ್ಮ ಮೀನು ಕೊಯ್ಯುತ್ತ ಕೂತಿದ್ದಳು. ಅವಳ ಕೈ ನೋಡಿ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಹೆತ್ತ ತಾಯಿಯ ಕೈಗೆ ಹೆದರುವುದೆಂದರೆ ಏನೆಂದು ಅದನ್ನು ಅನುಭವಿಸದವರಿಗೆ ಹೇಳಿ ಪ್ರಯೋಜನವಿಲ್ಲ.

ನನಗೂ ಹತ್ತು ವರ್ಷವಿದ್ದಾಗ ಮೂರು ವಾರ ಜ್ವರ ಬಂದು ತಲೆಗೂದಲೆಲ್ಲ ಉದುರಿತ್ತು. ಆದರೆ ನನ್ನದು ಹೊಟ್ಟೆಹುಳದ ಜ್ವರ ಎಂದು ನಾಟಿಮದ್ದಿನ ಪಂಡಿತರು ಹೇಳಿದ್ದರು. ಅವರು ಹೇಳಿದ ಮೇಲೆ ಮುಗಿಯಿತು, ಆ ಜ್ವರದ ವಿಷಯ ನನ್ನ ತಲೆಗೇ ಬರಲಿಲ್ಲ. ಕಲಿತವಳ ಜಂಭ ನೋಡಿ.

ಆ ವರ್ಷ ಹೆದರಲು ಇನ್ನೂ ಒಂದು ಕಾರಣವಿತ್ತು. ಅಕ್ಕನಿಗೆ ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಹುಟ್ಟಿದ ಮಗುವಿಗೆ ಎರಡು ತುಂಬಿತ್ತು. ಹೆಣ್ಣು ಮಗು, ಗುಂಗುರು ಕೂದಲು, ನನ್ನನ್ನು ಕಂಡರೆ "ಮಾವ್ಶಿ", ಅಂದರೆ ಚಿಕ್ಕಮ್ಮ, ಎಂದು ಕೂಗಿಕೊಂಡು ಓಡಿಬರುತ್ತಿದ್ದಳು. ಅಕ್ಕನ ಮನೆ ನಮ್ಮ ಮನೆಯಿಂದ ಕೂಗಳತೆಯ ದೂರ. ಹಿಂದಿನ ವರ್ಷ ಮಗು ಸಣ್ಣದೆಂದು ಬಿಟ್ಟಿದ್ದೆವು. ಈ ಸಲ ಹೊಸ ಅಕ್ಕಿಯ ಮೊದಲ ಚಮಚ ಅವಳಿಗೇ ಎಂದು ಅಮ್ಮ ಜುಲೈಯಿಂದಲೇ ಹೇಳಿಕೊಂಡು ತಿರುಗುತ್ತಿದ್ದಳು.

ಡಾಕ್ಟರರಲ್ಲಿ ಹೇಳಲು ಬಾಯಿ ಬರಲಿಲ್ಲ. ಹೇಳಿದರೆ ಮನೆಯ ಮರ್ಯಾದೆ ಬೀದಿಗೆ ಬಂದೀತು ಎಂಬ ಭಯ. ಮೊದಲು ಅಮ್ಮನ ಮಲದ ಪರೀಕ್ಷೆ ಮಾಡೋಣ ಎಂದುಕೊಂಡೆ. "ಲ್ಯಾಬಿನವರ ಮನೆಮಂದಿಗೆಲ್ಲ ಹೊಟ್ಟೆಹುಳದ ಪರೀಕ್ಷೆ ಮಾಡಬೇಕಂತೆ ಮಾಯ್, ಒಂದು ಡಬ್ಬಿಯಲ್ಲಿ ಸ್ವಲ್ಪ ಕೊಡು," ಎಂದು ಸುಳ್ಳು ಹೇಳಿದೆ.

"ಛೀ! ಹಬ್ಬದ ಮೊದಲಿನ ಒಂಬತ್ತು ದಿನದ ಪ್ರಾರ್ಥನೆ ಶುರುವಾಗಿದೆ, ಇಗರ್ಜಿಗೆ ಮಾತೆಯ ಹೂವು ತೆಗೆದುಕೊಂಡು ಹೋಗುವ ಸಮಯದಲ್ಲಿ ನಿನಗೆ ಇದಾ ಬೇಕಾದ್ದು?" ಎಂದು ಗದರಿದಳು. "ಹಬ್ಬ ಕಳೆಯಲಿ, ನೋಡುವಾ."

ಹಬ್ಬ ಕಳೆದ ಮೇಲೆ ಏನು ನೋಡುವುದು, ನನ್ನ ತಲೆ. ಕೊನೆಗೆ ನಾನೇ ಒಂದು ಉಪಾಯ ಮಾಡಿದೆ. ಹಬ್ಬದ ಬೆಳಿಗ್ಗೆ ಅಮ್ಮ ತೆಂಗಿನಕಾಯಿ ತುರಿಯಲು ಕೂತಾಗ ಅವಳ ಕೈಯಿಂದ ಮಣೆ ಕಿತ್ತುಕೊಂಡೆ. "ಈ ಸಲ ಎಲ್ಲ ನಾನೇ ಮಾಡ್ತೇನೆ. ಮಗುವಿಗೆ ಕೊಡುವುದೂ ನಾನೇ. ನೀನು ಮುಟ್ಟಬೇಡ."

"ಮುಟ್ಟಬೇಡ ಅಂದರೆ ಎಂತ?"

"ಮುಟ್ಟಬೇಡ ಅಂದರೆ ಮುಟ್ಟಬೇಡ. ನನಗೆ ಕೈ ತೊಳೆಯುವ ಕ್ರಮ ಗೊತ್ತುಂಟು, ನಿನಗೆ ಗೊತ್ತಿಲ್ಲ."

ಅಮ್ಮ ನನ್ನ ಮುಖವನ್ನೇ ನೋಡಿದಳು. ಜಗಳಕ್ಕೆ ಬರುತ್ತಾಳೆ ಎಂದುಕೊಂಡಿದ್ದೆ, ಬರಲಿಲ್ಲ. ಎರಡೂ ಕೈಯನ್ನು ಸೆರಗಿನಲ್ಲಿ ಒರೆಸಿಕೊಂಡು ಚಾವಡಿಗೆ ಹೋಗಿ ಕೂತಳು. ನಾನು ಕಾರ್ಬಾಲಿಕ್ ಸೋಪು ಹಾಕಿ ಮೂರು ಸಲ ಕೈ ತೊಳೆದೆ, ಮೊಣಕೈಯವರೆಗೂ. ಉಗುರು ಮಾತ್ರ ಇತ್ತು. ಆಗಸ್ಟ್ ತಿಂಗಳಿಡೀ ಲ್ಯಾಬಿನಲ್ಲಿ ಆ ಬೆರಳಿಗೆ ಗಾಯವೆಂದು ಬಟ್ಟೆ ಸುತ್ತಿಕೊಂಡು ಡಾಕ್ಟರರ ಕಣ್ಣು ತಪ್ಪಿಸಿ ಬೆಳೆಸಿದ ಉಗುರು. ಉಗುರಿಲ್ಲದೆ ಭತ್ತ ಸುಲಿಯುವುದು ಹೇಗೆ? ಸುಲಿದೆ, ಜಜ್ಜಿದೆ, ಹಾಲು ಹಿಂಡಿದೆ. ಪ್ರಾರ್ಥನೆ ಮುಗಿದ ಮೇಲೆ ಮಗುವಿನ ಬಾಯಿಗೆ ಮೊದಲ ಚಮಚ ನಾನೇ ಹಾಕಿದೆ. ಅವಳು ಚಪ್ಪರಿಸಿ ಮತ್ತೆ ಬಾಯಿ ತೆರೆದಳು. ಮತ್ತೊಂದು ಹಾಕಿದೆ. ಗೆದ್ದೆ ಎಂದುಕೊಂಡೆ.

ಹಬ್ಬ ಕಳೆದು ನಾಲ್ಕನೆಯ ದಿನ ಅಮ್ಮ ಮಾತಿಗೆ ತಪ್ಪದೆ ಡಬ್ಬಿ ಕೊಟ್ಟಳು. ಕೋಕೋ ಡಬ್ಬಿಯನ್ನು ಬಿಸಿನೀರಿನಲ್ಲಿ ತೊಳೆದು, ಕಾಗದ ಸುತ್ತಿ, ಕ್ರಿಸ್ಮಸ್ಸಿಗೆ ನೆರೆಮನೆಗೆ ಕುಸ್ವಾರ್ ತಿಂಡಿ ಕಳಿಸುವಾಗ ಕಟ್ಟುವ ಹಾಗೆ ದಾರ ಕಟ್ಟಿದ್ದಳು. ಬಸ್ಸಿನಲ್ಲಿ ಪಕ್ಕದ ಹೆಂಗಸು "ಎಂತ ಕುಸ್ವಾರಾ ಈಗಲೇ?" ಎಂದು ಕೇಳಿದಳು. ಅಷ್ಟು ಭಯದಲ್ಲೂ ನಗು ಬಂದು ಕಿಟಕಿಯ ಕಡೆ ತಿರುಗಿದೆ.

ಲ್ಯಾಬಿನಲ್ಲಿ ನಮ್ಮದೊಂದು ಕ್ರಮವಿತ್ತು. ಅನುಮಾನದ ಮಾದರಿಯೊಂದನ್ನು ತಟ್ಟೆಗೆ ಎಳೆಯುವಾಗ ಪಕ್ಕದಲ್ಲಿ ಆರೋಗ್ಯವಂತರೊಬ್ಬರ ಮಾದರಿಯನ್ನೂ ಇನ್ನೊಂದು ತಟ್ಟೆಗೆ ಎಳೆಯಬೇಕು. ಹೋಲಿಸಿ ನೋಡಲು ಅದು ಬೇಕು. ಆರೋಗ್ಯವಂತರೆಂದರೆ ಕಲಿಯುವ ನಾವೇ. ಸರದಿಯಂತೆ ಒಬ್ಬೊಬ್ಬರು ಮನೆಯಿಂದ ತರುತ್ತಿದ್ದರು. ಹುಡುಗಿಯೆಂದು ನನ್ನನ್ನು ಮಾತ್ರ ಆ ಸರದಿಯಿಂದ ಬಿಟ್ಟಿದ್ದರು. ಇದು ಕದ್ದು ಮಾಡುವ ಪರೀಕ್ಷೆ, ಬೇರೆ ಯಾರನ್ನು ಕೇಳುವುದು? ನನ್ನದನ್ನೇ ತಂದಿದ್ದೆ. ಅಮ್ಮನ ತಟ್ಟೆಗೆ ಒಂದು ಎಂದು ಬರೆದೆ, ನನ್ನ ತಟ್ಟೆಗೆ ಎರಡು.

ತಟ್ಟೆಗೆ ಹೊಯ್ದ ಆ ಅಗರ್ ಮಾಧ್ಯಮದ ಗುಣ ಹೀಗೆ. ಎಲ್ಲರ ಕರುಳಿನಲ್ಲೂ ಇರುವ ನಿರುಪದ್ರವಿ ಜೀವಿಗಳು ಅದರ ಮೇಲೆ ಗುಲಾಬಿ ಬಣ್ಣದಲ್ಲಿ ಬೆಳೆಯುತ್ತವೆ. ಟೈಫಾಯಿಡಿನದು ಬಣ್ಣವಿಲ್ಲದೆ, ನೀರಿನ ಹನಿಯ ಹಾಗೆ ಕೂರುತ್ತದೆ. ಮಾರನೆಯ ಬೆಳಿಗ್ಗೆ ಪೆಟ್ಟಿಗೆ ತೆರೆದೆ. ಒಂದನೆಯ ತಟ್ಟೆ ತುಂಬ ಗುಲಾಬಿ. ಒಂದೇ ಒಂದು ಬಣ್ಣಗೆಟ್ಟ ಚುಕ್ಕೆ ಇಲ್ಲ. ಅಯ್ಯೋ ನನ್ನ ಮಾಯ್, ನಿನ್ನನ್ನು ಅನುಮಾನಿಸಿದೆನಲ್ಲ ಎಂದು ಕಣ್ಣು ತುಂಬಿತು. ಆ ಕಣ್ಣಿನಲ್ಲೇ ಎರಡನೆಯ ತಟ್ಟೆ ಎತ್ತಿದೆ.

ಗುಲಾಬಿಯ ನಡುವೆ ನೀರಿನ ಹನಿಗಳಿದ್ದವು. ಹತ್ತಿಪ್ಪತ್ತು. ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳು.

ಚೀಟಿ ಅದಲುಬದಲಾಗಿದೆ ಎಂದುಕೊಂಡೆ. ಅದು ಆಗಿರಲಿಲ್ಲ, ನನ್ನದೇ ಅಕ್ಷರ. ಇಂಥ ಹನಿಗಳಲ್ಲಿ ಹತ್ತಕ್ಕೆ ಒಂಬತ್ತು ಬೇರೆ ಯಾವುದೋ ಜೀವಿಯದು ಎಂದು ಸಮಾಧಾನ ಹೇಳಿಕೊಂಡೆ. ಅದನ್ನು ಬಿಡಿಸಿ ಬೆಳೆಸಿದೆ, ಯಾವ ಸಕ್ಕರೆಯನ್ನು ಹುಳಿ ಮಾಡುತ್ತದೆಂದು ನೋಡಲು ಸಕ್ಕರೆಯ ನಳಿಗೆಗಳಿಗೆ ಹಾಕಿದೆ. ಕೊನೆಗೆ ಗಾಜಿನ ಪಟ್ಟಿಯ ಮೇಲೆ ಟೈಫಾಯಿಡನ್ನು ಗುರುತಿಸುವ ಸೀರಂನ ಒಂದು ತೊಟ್ಟಿನೊಂದಿಗೆ ಬೆರೆಸಿ ಅಲ್ಲಾಡಿಸಿದೆ. ಬೇರೆಯದಾದರೆ ಅದು ಹಾಲಿನಂತೆ ಹಾಗೇ ಇರಬೇಕು. ನನ್ನ ಕಣ್ಣೆದುರಿಗೆ ಒಡೆದ ಹಾಲಿನಂತೆ ಕಣಕಣವಾಯಿತು. ಸ್ಪಿರಿಟ್ ದೀಪ ಆರಿಸಿ ಸ್ಟೂಲಿನ ಮೇಲೆ ಕೂತೆ. ಆಗ ನೆನಪಾಯಿತು. ಅಪ್ಪನ ಜ್ವರವಲ್ಲ, ಅಕ್ಕನ ಜ್ವರವಲ್ಲ, ಲಂಗ ಹಿಡಿದು ಎಳೆದ ಆ ಪುಟ್ಟ ಕೈ ನೆನಪಾಯಿತು.

ಡಾಕ್ಟರರು ನನ್ನ ಮುಖ ನೋಡಿ ಗಾಜಿನ ಪಟ್ಟಿಯನ್ನು ತೆಗೆದುಕೊಂಡರು. ಎಲ್ಲವನ್ನೂ ಹೇಳಿದೆ. ಬಟ್ಟೆ ಸುತ್ತಿದ ಬೆರಳನ್ನೂ ಬಿಚ್ಚಿ ತೋರಿಸಿದೆ. ಬೈಯುತ್ತಾರೆ ಎಂದು ಕಾದೆ, ಬೈಯಲಿಲ್ಲ.

"ಮಗುವಿಗೆ ಕೊಟ್ಟು ಎಷ್ಟು ದಿನ ಆಯಿತು?"

"ಎಂಟು, ಸರ್."

"ಬರಬಹುದು, ಬಾರದೆಯೂ ಇರಬಹುದು. ಬರುವುದಾದರೆ ಇನ್ನು ಎರಡು ವಾರದ ಒಳಗೆ. ಈಗ ಮದ್ದುಂಟು. ಮೊದಲನೆಯ ದಿನವೇ ಶುರು ಮಾಡಿದರೆ ಹೆಚ್ಚು ಭಯ ಇಲ್ಲ. ಬಿಸಿಲಿನ ಜ್ವರ ಅಂತ ಹತ್ತು ದಿನ ಕಷಾಯ ಕುಡಿಸಿಕೊಂಡು ಕೂತರೆ ಭಯ ಉಂಟು. ಆದ್ದರಿಂದ ಇವತ್ತೇ ಹೋಗಿ ಮನೆಯಲ್ಲಿ ಹೇಳಿ."

ಹೇಳಿ ಎನ್ನುವುದು ಸುಲಭ. ಹಂಪನಕಟ್ಟೆಯಲ್ಲಿ ಬಿಜೈಯ ಬಸ್ಸು ಬಂತು, ಹತ್ತಲಿಲ್ಲ. ಇನ್ನೊಂದು ಬಂತು, ಅದಕ್ಕೂ ಹತ್ತಲಿಲ್ಲ. ಹೇಳದಿದ್ದರೆ ಏನಾದೀತು, ಮಗುವಿಗೆ ಜ್ವರ ಬಾರದೆಯೂ ಇರಬಹುದಲ್ಲ, ಯಾರಿಗೂ ಗೊತ್ತಾಗದೆ ಹೋಗಬಹುದಲ್ಲ ಎಂದು ಮನಸ್ಸು ಕಳ್ಳಲೆಕ್ಕ ಹಾಕಿತು. ಮಗುವಿನ ವಿಷಯ ಹೇಳಿದರೆ ತಮ್ಮನ ವಿಷಯವೂ ಹೊರಗೆ ಬರುತ್ತದೆ. ನಾನು ಹೆದರುಪುಕ್ಕಲಿ ಎಂದು ಮೊದಲೇ ಹೇಳಿದ್ದೇನೆ. ಮೂರನೆಯ ಬಸ್ಸಿಗೆ ಹತ್ತಿದ್ದು ಧೈರ್ಯದಿಂದಲ್ಲ, ಮಗು ಚಮಚಕ್ಕೆ ಮತ್ತೆ ಬಾಯಿ ತೆರೆದದ್ದು ಕಣ್ಣಿಗೆ ಕಟ್ಟಿ ನಿಲ್ಲಲಾಗದೆ.

ಅಮ್ಮ ಹಿತ್ತಲಿನ ಕಲ್ಲಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಿಂತಲ್ಲೇ ಹೇಳಿದೆ. ಅವಳ ಡಬ್ಬಿಯನ್ನು ಯಾಕೆ ಕೇಳಿದ್ದೆಂದು, ಹಬ್ಬದ ದಿನ ಯಾಕೆ ಮುಟ್ಟಬೇಡ ಎಂದೆನೆಂದು, ತಟ್ಟೆಯಲ್ಲಿ ಏನು ಬೆಳೆಯಿತೆಂದು. ಅಪ್ಪನ ಜ್ವರ, ಅಕ್ಕನ ಜ್ವರ ನನ್ನಿಂದ ಎಂದೆ. ತಮ್ಮನ ಮಾತು ಎತ್ತಲಿಲ್ಲ.

ಅಮ್ಮ ಒಗೆಯುತ್ತಿದ್ದ ಬಟ್ಟೆಯನ್ನು ಹಿಂಡಿ ಬದಿಗಿಟ್ಟಳು. "ಆ ವರ್ಷ ಭತ್ತ ಸುಲಿದದ್ದು ನಾನು," ಎಂದಳು.

"ಯಾವ ವರ್ಷ?"

"ಅವನು ಹೋದ ವರ್ಷ. ನಿನಗೆ ಬೆರಳು ಕೊಯ್ದಿತ್ತು. ನಾನೇ ಸುಲಿದೆ, ನಾನೇ ಜಜ್ಜಿದೆ. ನಿನ್ನ ತಪ್ಪು ಅದರಲ್ಲಿ ಏನೂ ಇಲ್ಲ ಮಗಳೇ, ತಿಳಿಯಿತಾ?"

ನನ್ನ ಬೆರಳು ಕೊಯ್ದಿರಲಿಲ್ಲ. ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳ ಕಣ್ಣು ನೋಡಿ ನಾನು ಎದುರಾಡಲಿಲ್ಲ. "ನಡೆ, ಅಕ್ಕನ ಮನೆಗೆ ಹೋಗುವಾ," ಎಂದು ಒದ್ದೆ ಕೈಯಲ್ಲೇ ಹೊರಟಳು.

ಅಕ್ಕ ಪೂರ್ತಿ ಕೇಳಿಸಿಕೊಂಡಳು. ಕೇಳಿಸಿಕೊಳ್ಳುತ್ತ ಕೇಳಿಸಿಕೊಳ್ಳುತ್ತ ನೆಲದಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿ ಸೊಂಟಕ್ಕೆ ಏರಿಸಿ, ನನ್ನಿಂದ ಎರಡು ಹೆಜ್ಜೆ ಹಿಂದೆ ಸರಿದಳು. ಮಗು "ಮಾವ್ಶಿ" ಎಂದು ನನ್ನ ಕಡೆ ಕೈ ಚಾಚಿತು. ಅಕ್ಕ ಆ ಕೈಯನ್ನು ಹಿಡಿದು ಮಡಚಿದಳು.

"ನೀನು ಈ ಮೆಟ್ಟಿಲು ಹತ್ತಬೇಡ. ನಾನಾಗಿ ಕರೆಯುವವರೆಗೆ ಹತ್ತಬೇಡ," ಎಂದಳು.

ನ್ಯಾಯವೇ. ಮುಟ್ಟಬೇಡ ಎಂದು ನಾನು ಅಮ್ಮನಿಗೆ ಹೇಳಿದ್ದೆ, ಅದು ತಿರುಗಿ ನನಗೇ ಬಂತು. ಆದರೆ ಅಕ್ಕ ಥರ್ಮಾಮೀಟರ್ ಇಡುವುದನ್ನು ತಪ್ಪಿಸಲಿಲ್ಲ. ದಿನಕ್ಕೆ ಎರಡು ಸಲ ಇಟ್ಟು ನೋಡುತ್ತಿದ್ದಳಂತೆ.

ಆಮೇಲಿನ ದಿನಗಳನ್ನು ನಾನು ಹೇಗೆ ಕಳೆದೆನೋ ದೇವರೇ ಬಲ್ಲ. ಬೇರೆಯವರಿಗೆ ಭಯವೆಂದರೆ ಗೊತ್ತಿಲ್ಲದ್ದರ ಭಯ. ನನಗೆ ಎಲ್ಲ ಗೊತ್ತಿತ್ತು. ಆ ಜೀವಿ ಈಗ ಕರುಳಿನ ಗೋಡೆ ದಾಟಿರಬಹುದು, ಈಗ ರಕ್ತಕ್ಕೆ ಇಳಿದಿರಬಹುದು, ಈಗ ಗುಲ್ಮದಲ್ಲಿ ಹೆಚ್ಚುತ್ತಿರಬಹುದು ಎಂದು ಪುಸ್ತಕದ ಪುಟಗಳು ಕಣ್ಣ ಮುಂದೆ ತೆರೆದುಕೊಳ್ಳುತ್ತಿದ್ದವು. ಮಗು ಮಾತ್ರ ಅಂಗಳದಲ್ಲಿ ಕುಣಿದುಕೊಂಡಿರುತ್ತಿತ್ತು. ಸಂಜೆ ಬಸ್ಸಿಳಿದು ಅಕ್ಕನ ಮನೆಯ ಬೇಲಿಯ ಹೊರಗೆ ನಿಲ್ಲುತ್ತಿದ್ದೆ. ಅಕ್ಕ ಒಂದು ಮಾತೂ ಆಡದೆ ಮಗುವನ್ನು ಎತ್ತಿ ಕಿಟಕಿಯಲ್ಲಿ ತೋರಿಸುತ್ತಿದ್ದಳು. ನೋಡು, ಇವತ್ತಿಗೆ ಸರಿಯಿದ್ದಾಳೆ ಎಂದು ಅದರ ಅರ್ಥ. ನಾನು ತಲೆಯಾಡಿಸಿ ಮನೆಗೆ ಹೋಗುತ್ತಿದ್ದೆ. ಅಷ್ಟು ಕೋಪದಲ್ಲೂ ಅವಳು ಒಂದು ದಿನವೂ ಅದನ್ನು ಮರೆಯಲಿಲ್ಲ.

ಹಬ್ಬದಿಂದ ಹದಿನಾರನೆಯ ದಿನ ಕಿಟಕಿ ಮುಚ್ಚಿತ್ತು.

ಬೇಲಿಯ ಕೋಲು ಹಿಡಿದು ನಿಂತೆ. ಅಮ್ಮ ಹೊರಗೆ ಬಂದು, "ಸಂಜೆ ಇಟ್ಟು ನೋಡಿದಾಗ ನೂರೊಂದು ಜ್ವರ. ಆಗಲೇ ಫಳ್ನೀರಿಗೆ ಕರೆದುಕೊಂಡು ಹೋಗಿದ್ದಾರೆ," ಎಂದಳು. ನಾನು ಲ್ಯಾಬಿನಿಂದ ಇಳಿದು ಬರುವಾಗ ಅವರು ಇನ್ನೊಂದು ದಾರಿಯಲ್ಲಿ ಹತ್ತಿ ಹೋಗಿದ್ದರು. ಓಡಿದೆ. ಬಿಜೈಯಿಂದ ಹಂಪನಕಟ್ಟೆಯವರೆಗೂ ಓಡಿದ್ದೇನೆ, ಬಸ್ಸು ಎಂಬುದೊಂದು ಇದೆ ಎಂಬ ನೆನಪೂ ಇರಲಿಲ್ಲ.

ಡಾಕ್ಟರರು ಮಗುವಿನ ತೋಳಿನಿಂದ ರಕ್ತ ತೆಗೆದು ತಾವೇ ನಳಿಗೆಗೆ ಹಾಕಿದರು, ನನ್ನನ್ನು ಮುಟ್ಟಲು ಬಿಡಲಿಲ್ಲ. ಫಲಿತಾಂಶಕ್ಕೆ ಕಾಯಲಿಲ್ಲ, ಆ ಗಳಿಗೆಯಿಂದಲೇ ಮದ್ದು ಶುರು. ಕಹಿ ಎಂದರೆ ಮಹಾ ಕಹಿ ಪುಡಿ, ಜೇನಿನಲ್ಲಿ ಕಲಸಿ ಮೂಗು ಹಿಡಿದು ಕುಡಿಸಬೇಕು. ನಾನು ವಾರ್ಡಿನ ಬಾಗಿಲಿನ ಹೊರಗೆ ಬೆಂಚಿನಲ್ಲಿ ಕೂತು ಅವಳು ಕಿರುಚುವುದನ್ನು ಕೇಳುತ್ತಿದ್ದೆ. ಕಿರುಚಲಿ, ಕಿರುಚುವಷ್ಟು ಶಕ್ತಿ ಇರಲಿ ಎಂದು ಬೇಡಿಕೊಂಡೆ. ತಮ್ಮ ಕೊನೆಯ ವಾರ ಕಿರುಚುತ್ತಿರಲಿಲ್ಲ. ಮೂರನೆಯ ದಿನ ನಳಿಗೆಯಲ್ಲಿ ಬೆಳೆದದ್ದನ್ನು ಡಾಕ್ಟರರು ತೋರಿಸಿದರು. ನನ್ನದೇ ಆಗಿತ್ತು. ಅದೇ ನೀರಿನ ಹನಿ, ಅದೇ ಒಡೆದ ಹಾಲು.

ಐದನೆಯ ದಿನ ಮಧ್ಯಾಹ್ನ ಅಕ್ಕ ಬಾಗಿಲು ತೆರೆದು ಹೊರಗೆ ಬಂದಳು. ಕಣ್ಣು ಕೆಂಪಗಿತ್ತು, ನಾನು ಎದ್ದು ನಿಂತೆ.

"ಜ್ವರ ಬಿಟ್ಟಿತು," ಎಂದು ಬೆಂಚಿನ ಆ ತುದಿಯಲ್ಲಿ ಕೂತಳು. ಆಮೇಲೆ, "ನೀನು ಹೇಳದಿದ್ದರೆ ನಾನು ಕಷಾಯ ಕುಡಿಸಿಕೊಂಡು ಕೂತಿರ್ತಿದ್ದೆ," ಎಂದಳು. ಅಷ್ಟೇ. ಅವಳು ಮೆಟ್ಟಿಲು ಹತ್ತಲು ಕರೆದದ್ದು ಕ್ರಿಸ್ಮಸ್ಸಿಗೆ.

ನಾನು ಅಡುಗೆಮನೆಗೆ ಹೋಗುವುದನ್ನು ಬಿಟ್ಟೆ. ಉಗುರನ್ನು ಬುಡದವರೆಗೆ ಕತ್ತರಿಸಿದೆ. ಎರಡು ಕಡೆಯಿಂದ ಬಂದ ಸಂಬಂಧಗಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಎರಡೂ ಕಡೆಯವರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಕೆಲವು ವರ್ಷದ ಮೇಲೆ ಆಪರೇಷನ್ ಮಾಡಿಸಿ ಪಿತ್ತಕೋಶ ತೆಗೆಸಿದೆ. ಆಮೇಲಿನ ತಟ್ಟೆಗಳೆಲ್ಲ ಗುಲಾಬಿಯೇ ಬಂದವು. ಆದರೂ ಇವತ್ತಿನವರೆಗೆ ಬೇಯಿಸದ ಒಂದು ತುತ್ತನ್ನು ನಾನು ಯಾರ ಬಾಯಿಗೂ ಹಾಕಿಲ್ಲ.

ಮರುವರ್ಷದ ತೆನೆ ಹಬ್ಬದ ದಿನ ಭತ್ತ ಸುಲಿದವಳು ಅಮ್ಮ. ವಯಸ್ಸಾದ ಉಗುರು, ಕಾಳಿಗೆ ಸರಿಯಾಗಿ ಸಿಗುತ್ತಿರಲಿಲ್ಲ. ಅಕ್ಕನ ಮಗಳು ಪಕ್ಕದಲ್ಲಿ ಕೂತು ಸಿಪ್ಪೆ ಹೆಕ್ಕಿ ಕೊಡುತ್ತಿದ್ದಳು. ನಾನು ಅಡುಗೆಮನೆಯ ಹೊಸ್ತಿಲ ಆಚೆ, ಕೈಯೆರಡನ್ನೂ ಬೆನ್ನಿಗೆ ಕಟ್ಟಿಕೊಂಡು ನಿಂತಿದ್ದೆ. ಚಾವಡಿಯಲ್ಲಿ ಅಪ್ಪ ಪ್ರಾರ್ಥನೆ ಶುರು ಮಾಡಿದರು, ಅದೇ ಉದ್ದದ ಪ್ರಾರ್ಥನೆ. ಮಗು ಎದ್ದು ಅತ್ತ ಓಡಿತು. ಅಮ್ಮ ಮತ್ತು ನಾನು ಇಬ್ಬರೇ ಉಳಿದೆವು.

ಎಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು? "ಮಾಯ್, ಆ ವರ್ಷ ಸುಲಿದದ್ದು ನೀನಲ್ಲ," ಎಂದೆ. "ನಾನು. ಪ್ರಾರ್ಥನೆ ಮುಗಿಯುವ ಮೊದಲೇ ಅವನು ಇಲ್ಲಿಗೆ ಬಂದಿದ್ದ. ಹಸಿವು ಅಂತ ನನ್ನ ಲಂಗ ಎಳೆದ. ನಾನೇ..."

"ಗೊತ್ತುಂಟು," ಎಂದಳು ಅಮ್ಮ. ತಲೆ ಎತ್ತಲಿಲ್ಲ, ಕಾಳು ಜಜ್ಜುವುದನ್ನೂ ನಿಲ್ಲಿಸಲಿಲ್ಲ. "ನೀನು ಈಗ ನಿಂತಿದ್ದೀಯಲ್ಲ, ಅಲ್ಲೇ ನಿಂತಿದ್ದೆ ನಾನು. ಅವನನ್ನು ಹುಡುಕಿಕೊಂಡು ಬಂದವಳು. ತಮ್ಮನ ಮೇಲೆ ಎಷ್ಟು ಪ್ರೀತಿ ಇವಳಿಗೆ ಅಂತ ನೋಡಿ ಸುಮ್ಮನೆ ಹಿಂದೆ ಹೋದೆ."

ಹೊಸ್ತಿಲ ಮೇಲೆಯೇ ಕೂತುಬಿಟ್ಟೆ. ಅಷ್ಟು ವರ್ಷ ಅವಳು ಅದನ್ನು ಪ್ರೀತಿ ಎಂದೇ ಇಟ್ಟುಕೊಂಡಿದ್ದಳು. ಅದು ಏನೆಂದು ಹಿತ್ತಲಿನ ಕಲ್ಲಿನ ಬಳಿ ನಾನು ತಿಳಿಸಿದ ಮೇಲೂ, ಬಟ್ಟೆ ಹಿಂಡಿಟ್ಟು ಸುಳ್ಳು ಹೇಳಿದ್ದಳು.

ಅಮ್ಮ ಜಜ್ಜಿದ ಕಾಳಿನಿಂದ ಒಂದು ಚಿಟಿಕೆ ತೆಗೆದುಕೊಂಡು ಎದ್ದು ಬಂದಳು. ಚಾವಡಿಯಲ್ಲಿ ಪ್ರಾರ್ಥನೆ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ.

"ಬಾಯಿ ತೆರೆ," ಎಂದಳು. "ಯಾರಿಗೂ ಹೇಳಬೇಡ."